ಮೊದಲು ಬಿತ್ತಿದವರ ಬೇಸರ

ಆರ್ಕುಟ್ ಕಾಲದಲ್ಲೇ ಜಾಲತಾಣಕ್ಕೆ ಕಾಲಿಟ್ಟವರು ಈಗ ‘ಮಜಾ ಹೋಯ್ತು’ ಅನ್ನುತ್ತಿದ್ದಾರೆ. ಊರವರೆಲ್ಲ ಬಂದದ್ದೇ ಇದಕ್ಕೆ ಕಾರಣವೇ? ಟೊಮೆಟೊ ಮತ್ತು ಚೆಂಡುಹೂವಿನ ಲೆಕ್ಕ ಬಲ್ಲ ತೆರಕಣಾಂಬಿ ಸೀಮೆಯಲ್ಲಿ ನಿಂತು ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ ಸಿಗುವ ಹೋಬಳಿ ಊರು ತೆರಕಣಾಂಬಿ. ವಿಜಯನಗರ ಕಾಲದ ದೇವಸ್ಥಾನಗಳು, ಹತ್ತಿರದಲ್ಲೇ ಹುಲುಗನಮುರಡಿ ಬೆಟ್ಟ, ಸುತ್ತಲೂ ತರಕಾರಿ ಹೊಲಗಳು. ಇಲ್ಲಿಯ ಮಾರುಕಟ್ಟೆಗೆ ಬರುವ ಟೊಮೆಟೊ, ಬೀನ್ಸ್, ಎಲೆಕೋಸು ಕೇರಳಕ್ಕೂ ತಮಿಳುನಾಡಿಗೂ ಲಾರಿ ಹತ್ತುತ್ತವೆ. ಈ ಕಡೆ ಬೇಸಾಯ ಮಾಡುವ ಯಾರಿಗೂ ಒಂದು ಲೆಕ್ಕ ಬಾಯಿಪಾಠ: ಬೆಲೆ ಏರುವ ಮೊದಲೇ ಟೊಮೆಟೊ ನಾಟಿ ಮಾಡಿದ್ದವನಿಗೆ ದುಡ್ಡು, ಅವನ ದುಡ್ಡು ನೋಡಿ ನಾಟಿ ಮಾಡಿದವನಿಗೆ ಸಾಲ. 2023ರ ಜುಲೈನಲ್ಲಿ ಕಿಲೋ ಟೊಮೆಟೊ ನೂರು ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಕೊಯ್ಲಿನ ಕೂಲಿಯೂ ಹುಟ್ಟದೆ ಹಲವೆಡೆ ರೈತರು ಅದೇ ಟೊಮೆಟೊವನ್ನು ರಸ್ತೆಗೆ ಸುರಿದರು. ಹಣ್ಣು ಕೆಟ್ಟಿರಲಿಲ್ಲ. ಎಲ್ಲರೂ ಬೆಳೆದಿದ್ದರು, ಅಷ್ಟೆ.

ಟೊಮೆಟೊಗೆ ಆದದ್ದು ಮಾತಿಗೂ ಆಗಿದೆ. 2005–06ರ ಸುಮಾರಿಗೆ ಈ ಸೀಮೆಯಿಂದ ಮೈಸೂರಿಗೋ ಬೆಂಗಳೂರಿಗೋ ಓದಲು ಹೋಗಿ, ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ತೆತ್ತು ಆರ್ಕುಟ್ ತೆರೆದವರಿಗೆ ಈಗ ನಲವತ್ತರ ಆಸುಪಾಸು. ಒಬ್ಬರಿಗೊಬ್ಬರು ‘ಸ್ಕ್ರ್ಯಾಪ್’ ಬರೆದುಕೊಂಡು, ‘ಟೆಸ್ಟಿಮೋನಿಯಲ್’ ಕೇಳಿ ಬರೆಸಿಕೊಂಡು, ಸಿನಿಮಾಕ್ಕೊಂದು, ಸಾಹಿತ್ಯಕ್ಕೊಂದು, ಹುಟ್ಟಿದ ಜಿಲ್ಲೆಗೊಂದು ಎಂದು ಕಮ್ಯುನಿಟಿ ಕಟ್ಟಿಕೊಂಡು ನಡುರಾತ್ರಿವರೆಗೂ ಹರಟಿದವರು ಅವರು. ಇವತ್ತು ಅವರನ್ನು ಮಾತಿಗೆಳೆದರೆ ಬಹುತೇಕ ಒಂದೇ ರಾಗ: ‘ಮೊದಲಿನ ಮಜಾ ಇಲ್ಲ ಬಿಡಿ.’ ಫೇಸ್‌ಬುಕ್‌ನಲ್ಲಿ ಬರೀ ಜಗಳ, ವಾಟ್ಸ್‌ಆ್ಯಪ್‌ನಲ್ಲಿ ಬರೀ ಶುಭೋದಯ, ಇನ್‌ಸ್ಟಾಗ್ರಾಂನಲ್ಲಿ ಬರೀ ಕುಣಿತ. ಕೆಲವರು ಖಾತೆ ಮುಚ್ಚಿದ್ದಾರೆ. ಹೆಚ್ಚಿನವರು ಮುಚ್ಚಿಲ್ಲ, ನೋಡುತ್ತಾರೆ, ಬರೆಯುವುದಿಲ್ಲ.

ಈ ಬೇಸರವನ್ನು ಎರಡು ರೀತಿಯಲ್ಲಿ ತಳ್ಳಿಹಾಕುವುದುಂಟು. ವಯಸ್ಸಾಯಿತಲ್ಲ, ಅದಕ್ಕೇ ಎನ್ನುವುದು ಒಂದು. ಓದಿದವರ ಜಂಬ, ಹಳ್ಳಿಯವರು ಬಂದದ್ದು ಇವರಿಗೆ ಸಹಿಸದು ಎನ್ನುವುದು ಇನ್ನೊಂದು. ಎರಡರಲ್ಲೂ ಕೊಂಚ ಸತ್ಯವಿದೆ. ಆದರೆ ಈ ಬೇಸರವನ್ನು ಬಿಡಿಸಿ ನೋಡಿದರೆ ಒಳಗೆ ಮೂರು ಬೇರೆ ಬೇರೆ ನಷ್ಟಗಳು ಕಾಣುತ್ತವೆ. ಅವನ್ನು ಬೇರ್ಪಡಿಸದಿದ್ದರೆ ಯಾರೋ ಮಾಡಿದ್ದಕ್ಕೆ ಇನ್ಯಾರೋ ಬೈಸಿಕೊಳ್ಳುತ್ತಾರೆ. ಈಗ ಆಗುತ್ತಿರುವುದೂ ಅದೇ.

ಲೆಕ್ಕ ಹುಟ್ಟಿದ್ದು ಹೊಲದಲ್ಲೇ

ಹೊಸದನ್ನು ಎಲ್ಲರಿಗಿಂತ ಮುಂಚೆ ಕೈಗೆತ್ತಿಕೊಳ್ಳುವವರದು ಒಂದು ಪ್ರತ್ಯೇಕ ವರ್ಗ ಎಂಬುದನ್ನು ಸಮಾಜಶಾಸ್ತ್ರಜ್ಞರು ಕಂಡುಕೊಂಡದ್ದು ಕಂಪ್ಯೂಟರಿನಿಂದಲ್ಲ, ಮುಸುಕಿನ ಜೋಳದಿಂದ. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಜೋಳದ ಬೀಜ ಹೇಗೆ ಹರಡಿತು ಎಂದು ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬಿಬ್ಬರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ಅವರು ಮಾತಾಡಿಸಿದ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ 1928ರಿಂದ 1941ರ ನಡುವೆ ಆ ಬೀಜಕ್ಕೆ ಬಂದಿದ್ದರು. ಮೊದಮೊದಲು ಒಬ್ಬೊಬ್ಬರೇ, ಆಮೇಲೆ ಗುಂಪುಗುಂಪಾಗಿ, ಕೊನೆಗೆ ಒಲ್ಲದ ಮನಸ್ಸಿನ ಕೆಲವರು. ಬೀಜದ ಗುಣವನ್ನು ಮಾರಾಟಗಾರ ಎಷ್ಟು ಹೇಳಿದರೂ ನಂಬದವರು ಪಕ್ಕದ ಹೊಲದ ಬೆಳೆ ನೋಡಿ ನಂಬಿದ್ದರು.

ಅದೇ ಅಯೋವಾದ ರೈತ ಕುಟುಂಬದಲ್ಲಿ ಹುಟ್ಟಿದವರು ಎವರೆಟ್ ರೋಜರ್ಸ್. ಅವರ ತಂದೆಗೆ ಹೊಸ ಯಂತ್ರಗಳೆಂದರೆ ಇಷ್ಟ, ಹೊಸ ಬೀಜವೆಂದರೆ ಅನುಮಾನ. 1936ರ ಬರದಲ್ಲಿ ಪಕ್ಕದವರ ಹೈಬ್ರಿಡ್ ಜೋಳ ನಿಂತುಕೊಂಡಿತು, ಇವರದು ಬಾಡಿಹೋಯಿತು. ಆ ಮಗ ಮುಂದೆ 1962ರಲ್ಲಿ ಬರೆದ ‘ಡಿಫ್ಯೂಷನ್ ಆಫ್ ಇನ್ನೋವೇಷನ್ಸ್’ ಪುಸ್ತಕವೇ ಇವತ್ತು ಮೊಬೈಲ್ ಕಂಪನಿಗಳೂ ಉರು ಹೊಡೆಯುವ ಲೆಕ್ಕವನ್ನು ಕೊಟ್ಟಿತು: ಪ್ರಯೋಗಕ್ಕಿಳಿಯುವವರು ನೂರಕ್ಕೆ 2.5, ಅವರ ಹಿಂದೆಯೇ ಬರುವ ಮೊದಲಿಗರು 13.5, ಆಮೇಲೆ ಬರುವ ಎರಡು ದೊಡ್ಡ ಗುಂಪುಗಳು 34, 34, ಕೊನೆಯವರು 16.

ರೋಜರ್ಸ್ ಹೊಸದು ಹೇಗೆ ಹರಡುತ್ತದೆ ಎಂಬುದನ್ನು ಹೇಳಿದರೆ, ಹರಡಿದ ಮೇಲೆ ಮೊದಲಿಗನಿಗೆ ಏನಾಗುತ್ತದೆ ಎಂಬುದನ್ನು ಅದಕ್ಕೂ ಮುಂಚೆ, 1958ರಲ್ಲಿ, ಕೃಷಿ ಅರ್ಥಶಾಸ್ತ್ರಜ್ಞ ವಿಲಾರ್ಡ್ ಕಾಕ್ರನ್ ಹೇಳಿದ್ದರು. ಹೊಸ ತಳಿಯನ್ನೋ ಯಂತ್ರವನ್ನೋ ಮೊದಲು ತಂದವನ ಖರ್ಚು ತಗ್ಗಿ ಲಾಭ ಹೆಚ್ಚುತ್ತದೆ. ಅದನ್ನು ನೋಡಿ ಎಲ್ಲರೂ ತರುತ್ತಾರೆ. ಇಳುವರಿ ಏರಿ ಬೆಲೆ ಇಳಿಯುತ್ತದೆ. ಮೊದಲಿಗನ ಲಾಭ ಕರಗುತ್ತದೆ. ಅವನು ಮುಂದಿನ ಹೊಸದನ್ನು ಹುಡುಕಿ ಹೊರಡಬೇಕು.

ಜಾಲತಾಣದ ಮೊದಲಿಗರ ಮೊದಲ ನಷ್ಟ ಇದು. ಅಲ್ಲಿ ಬೆಳೆ ಎಂದರೆ ಬೇರೆಯವರ ಗಮನ. 2007ರಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ಓದಿ ಮರುಮಾತು ಬರೆಯುವವರು ಇಪ್ಪತ್ತು ಮಂದಿಯಾದರೂ ಸಿಗುತ್ತಿದ್ದರು, ಏಕೆಂದರೆ ಓದಲಿಕ್ಕೆ ಬೇರೇನೂ ಇರಲಿಲ್ಲ. ಇವತ್ತು ಅದೇ ನಾಲ್ಕು ಸಾಲು ಲಕ್ಷಾಂತರ ರೀಲ್ಸ್ ಪಕ್ಕದಲ್ಲಿ ನಿಲ್ಲಬೇಕು. ಬರಹ ಸಪ್ಪೆಯಾಗಬೇಕಿಲ್ಲ, ಪೂರೈಕೆ ಹೆಚ್ಚಾದರೆ ಸಾಕು. ಇದನ್ನು ಸಂಸ್ಕೃತಿಯ ಅವನತಿ ಎಂದು ಕರೆದುಕೊಂಡರೆ ಮನಸ್ಸಿಗೆ ಹಿತ, ಆದರೆ ಇದು ಶುದ್ಧ ಮಾರುಕಟ್ಟೆ. ಮೊದಲ ಬೆಳೆಗೆ ಸಿಕ್ಕ ಬೆಲೆಯೇ ಕಾಯಂ ಬೆಲೆ ಎಂದು ತಿಳಿದ ರೈತ ತೆರಕಣಾಂಬಿಯಲ್ಲಿ ಒಬ್ಬನೂ ಸಿಗಲಾರ. ಹಾಗೆ ತಿಳಿದ ಬರಹಗಾರರು ಬೇಕಾದಷ್ಟು ಸಿಗುತ್ತಾರೆ.

‘ಎಲ್ಲರೂ ಬರಲಿ’ ಎಂದವರು

ಕನ್ನಡದ ಮಟ್ಟಿಗೆ ಈ ಕಥೆಗೆ ಇನ್ನೊಂದು ತಿರುವಿದೆ. ಇಂಗ್ಲಿಷಿನಲ್ಲಿ ಮೊದಲು ಬಂದವರು ಸುಮ್ಮನೆ ಬಂದರು. ಕನ್ನಡದಲ್ಲಿ ಮೊದಲು ಬಂದವರು ಮೊದಲು ದಾರಿಯನ್ನೇ ಮಾಡಿಕೊಳ್ಳಬೇಕಾಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1996ರಲ್ಲಿ ಯು.ಬಿ. ಪವನಜ ಅಂತರಜಾಲಕ್ಕೆ ತಂದ ‘ವಿಶ್ವಕನ್ನಡ’ ಪತ್ರಿಕೆ, 1998ರಲ್ಲಿ ಶೇಷಾದ್ರಿವಾಸು ಕೊಟ್ಟ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ, 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗ್ ಕಟ್ಟಿದ ‘ಸಂಪದ’ ಜಾಲತಾಣ. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರೂ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬೆನ್ನು ಬಿದ್ದಿದ್ದರು. ಇವರೆಲ್ಲರ ವಾದ ಒಂದೇ ಆಗಿತ್ತು: ಇಂಗ್ಲಿಷ್ ಬಾರದ ಕನ್ನಡಿಗನಿಗೂ ಈ ತೆರೆಯ ಮೇಲೆ ಜಾಗ ಬೇಕು.

ಆ ಹೊತ್ತಿಗೆ ತೆರಕಣಾಂಬಿಯಂಥ ಹೋಬಳಿ ಊರುಗಳಲ್ಲಿ ಕಂಪ್ಯೂಟರ್ ಎಂದರೆ ಪಹಣಿ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದವು. 2006ರಿಂದ ಹೋಬಳಿ ಮಟ್ಟದಲ್ಲಿ ‘ನೆಮ್ಮದಿ’ ಕೇಂದ್ರಗಳು ತೆರೆದವು. ಅಲ್ಲಿ ಆಪರೇಟರ್ ಕೀಲಿ ಒತ್ತುತ್ತಿದ್ದ, ರೈತ ಕಿಟಕಿಯ ಈಚೆ ನಿಂತು ಕಾಗದಕ್ಕೆ ಕೈ ಚಾಚುತ್ತಿದ್ದ. ತೆರೆಯ ಮೇಲೆ ಅವನ ಹೆಸರಿತ್ತು, ಸರ್ವೆ ನಂಬರ್ ಇತ್ತು, ಸಾಲದ ಲೆಕ್ಕವೂ ಇತ್ತು. ಅವನ ಮಾತು ಮಾತ್ರ ಇರಲಿಲ್ಲ.

ಅದೇ ವರ್ಷಗಳಲ್ಲಿ ಪಟ್ಟಣ ಸೇರಿದ್ದ ಅವನ ಮಗ ಆರ್ಕುಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದ. 2004ರ ಜನವರಿಯಲ್ಲಿ ಶುರುವಾದ ಆರ್ಕುಟ್‌ಗೆ ಮೊದಮೊದಲು ಯಾರಾದರೂ ಒಳಗಿದ್ದವರು ಕರೆದರೆ ಮಾತ್ರ ಪ್ರವೇಶ. ಕರೆ ಬೇಕು, ಇಂಗ್ಲಿಷ್ ಬೇಕು, ಕಂಪ್ಯೂಟರ್ ಬೇಕು, ಕೆಫೆಗೆ ಕೊಡಲು ದುಡ್ಡು ಬೇಕು. ಇಷ್ಟನ್ನೂ ದಾಟಿ ಬಂದವರು ಬಹುಮಟ್ಟಿಗೆ ಒಂದೇ ವಯಸ್ಸಿನ, ಒಂದೇ ಓದಿನ, ಹೆಚ್ಚಾಗಿ ಒಂದೇ ಸಾಮಾಜಿಕ ಮಟ್ಟದ ಹುಡುಗರು. ಅಂದಿನ ಹರಟೆ ಸೊಗಸಾಗಿತ್ತು ಎಂದು ನೆನೆಯುವಾಗ ಈ ಶೋಧನೆಯನ್ನೂ ನೆನೆಯಬೇಕು. ಅಲ್ಲಿ ಜಗಳ ಕಡಿಮೆ ಇದ್ದದ್ದು ಎಲ್ಲರೂ ಸಜ್ಜನರು ಎಂಬ ಕಾರಣಕ್ಕಲ್ಲ. ಯಾರೊಂದಿಗೆ ಜಗಳ ಬರಬಹುದಿತ್ತೋ ಅವರಿನ್ನೂ ಒಳಗೆ ಬಂದೇ ಇರಲಿಲ್ಲ.

ಆಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಲಿಪಿಗೆ ಬೆಂಬಲ ಸಿಕ್ಕಿತು. ಅಲ್ಲಿಯವರೆಗೆ ಎಷ್ಟೋ ಫೋನುಗಳಲ್ಲಿ ಕನ್ನಡವೆಂದರೆ ಖಾಲಿ ಚೌಕಗಳ ಸಾಲು. 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾಗಿ, ಪುಕ್ಕಟೆ ಡೇಟಾ ಹಂಚಿ, ಆರು ತಿಂಗಳೊಳಗೆ 10 ಕೋಟಿ ಗ್ರಾಹಕರನ್ನು ಗಳಿಸಿತು. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡವನ್ನು ಕೇಳಿ ಬರೆದುಕೊಳ್ಳುವುದನ್ನು ಕಲಿತ ಮೇಲೆ ಅಕ್ಷರ ಒತ್ತಲು ಬಾರದವರಿಗೂ ದಾರಿಯಾಯಿತು. ಕಿಟಕಿಯ ಈಚೆ ನಿಂತಿದ್ದ ರೈತ ಈಗ ತಾನೇ ಫೋನ್ ಹಿಡಿದು ಮಾರುಕಟ್ಟೆಯ ಬೆಲೆ ಕೇಳುತ್ತಾನೆ, ಜ್ವರ ಬಂದ ಹಸುವಿನ ವಿಡಿಯೊ ಕಳಿಸಿ ಔಷಧ ವಿಚಾರಿಸುತ್ತಾನೆ, ಸಂಜೆ ಹುಲುಗನಮುರಡಿ ಬೆಟ್ಟದ ಮೇಲಿನ ದೇವರ ಫೋಟೊಗೆ ಕೈ ಮುಗಿಯುವ ಗುರುತು ಹಾಕುತ್ತಾನೆ. ಕೀಲಿಮಣೆಗಾಗಿ ಹೆಣಗಿದವರು ಬೇಡಿಕೊಂಡಿದ್ದು ಇದನ್ನೇ. ಬೇಡಿದ್ದು ಕೈಗೆ ಬಂದಾಗ ಅವರ ಮಕ್ಕಳ ವಯಸ್ಸಿನ ಮೊದಲ ಬಳಕೆದಾರರು ಮುಖ ಸಿಂಡರಿಸಿದರು.

ಮಾವ, ಮೇಷ್ಟ್ರು, ಮುಖಂಡರು

ಆದರೂ ಆ ಮುಖ ಸಿಂಡರಿಸುವಿಕೆಯನ್ನು ಬರೀ ಜಂಬ ಎನ್ನಲಾಗದು. ಎರಡನೆಯ ನಷ್ಟ ನಿಜವಾದದ್ದು.

ಊರಿನಲ್ಲಿ ನಾವು ಎಲ್ಲರೊಂದಿಗೂ ಒಂದೇ ಥರ ಮಾತಾಡುವುದಿಲ್ಲ. ಸೋದರಮಾವನ ಮುಂದೆ ಒಂದು ಮಾತು, ಸ್ನೇಹಿತರ ಮುಂದೆ ಒಂದು ಮಾತು, ಶಾಲೆಯ ಮೇಷ್ಟ್ರು ಎದುರಾದರೆ ಮೌನ. ಜಾತಿ, ಕೇರಿ, ಪಕ್ಷ, ನೆಂಟಸ್ತಿಕೆ ಎಲ್ಲವನ್ನೂ ಲೆಕ್ಕ ಹಾಕಿ ಬಾಯಿ ತೆರೆಯುವುದು ಹಳ್ಳಿಯಲ್ಲಿ ಬೆಳೆದವರಿಗೆ ರಕ್ತಗತ. ಪಟ್ಟಣ ಸೇರಿ ಆರ್ಕುಟ್‌ಗೆ ಬಂದ ಹುಡುಗಿಗೆ, ಹುಡುಗನಿಗೆ ಮೊದಲ ಬಾರಿ ಈ ಲೆಕ್ಕದಿಂದ ಬಿಡುವು ಸಿಕ್ಕಿತ್ತು. ಓದಿದ ಪುಸ್ತಕದ ಬಗ್ಗೆ, ಮೆಚ್ಚಿದ ಹುಡುಗನ ಬಗ್ಗೆ, ದೇವರ ಮೇಲಿನ ಅನುಮಾನದ ಬಗ್ಗೆ ಬರೆದರೆ ಮನೆಗೆ ಸುದ್ದಿ ಮುಟ್ಟುತ್ತಿರಲಿಲ್ಲ. 2015ರ ಹೊತ್ತಿಗೆ ಮಾವ ಫೇಸ್‌ಬುಕ್‌ಗೆ ಬಂದರು, ಮೇಷ್ಟ್ರು ಬಂದರು, ವಾರ್ಡಿನ ಮುಖಂಡರು ಬಂದರು. ಬರೆದ ಒಂದೊಂದು ಸಾಲನ್ನೂ ಎಲ್ಲರೂ ಒಟ್ಟಿಗೆ ಓದತೊಡಗಿದರು. ಬೇರೆ ಬೇರೆ ಬಳಗಗಳು ಹೀಗೆ ಒಂದೇ ಕಡೆ ಕಲಸಿಹೋಗುವುದನ್ನು ಅಮೆರಿಕದ ಸಂಶೋಧಕಿ ಡೇನಾ ಬಾಯ್ಡ್ ಬಹಳ ಹಿಂದೆಯೇ ಗುರುತಿಸಿದ್ದರು. ನಮ್ಮಲ್ಲಿ ಅದರ ಫಲ ಸರಳ: ಜನ ಬರೆಯುವುದು ಬಿಟ್ಟು ಹಬ್ಬದ ಶುಭಾಶಯ ಹಾಕತೊಡಗಿದರು. ಯಾರಿಗೂ ನೋವಾಗದ ಮಾತು ಅದೊಂದೇ.

ಈ ಅನುಭವ ಹೊಸದೂ ಅಲ್ಲ. ಅಂತರಜಾಲದ ಆರಂಭದ ದಿನಗಳಲ್ಲಿ ಯೂಸ್‌ನೆಟ್ ಎಂಬ ಚರ್ಚಾಜಾಲವಿತ್ತು. ಪ್ರತಿ ಸೆಪ್ಟೆಂಬರಿನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೊಸ ವಿದ್ಯಾರ್ಥಿಗಳು ಸೇರಿದಾಗ ಅಲ್ಲಿ ಗದ್ದಲವೇಳುತ್ತಿತ್ತು. ಹಳಬರು ತಿದ್ದಿ ತೀಡಿ ಒಂದೆರಡು ತಿಂಗಳಲ್ಲಿ ರೀತಿ ನೀತಿ ಕಲಿಸುತ್ತಿದ್ದರು. 1994ರ ವೇಳೆಗೆ ಅಮೆರಿಕ ಆನ್‌ಲೈನ್‌ನಂಥ ಕಂಪನಿಗಳು ಮನೆಮನೆಯ ಗ್ರಾಹಕರಿಗೂ ಅದರ ಬಾಗಿಲು ತೆರೆದವು. ಹೊಸಬರು ವರ್ಷಕ್ಕೊಮ್ಮೆ ಬರುವ ಬದಲು ದಿನವೂ ಬಂದರು. 1993ರ ಸೆಪ್ಟೆಂಬರ್ ಮುಗಿಯಲೇ ಇಲ್ಲ ಎಂದು ಹಳಬರು ಹಲುಬಿದರು. ಗಮನಿಸಬೇಕಾದದ್ದು ಇದು: ಹೊಸಬರಿಗೆ ಕಲಿಸುವ ಪದ್ಧತಿ ಅಲ್ಲಿ ಇತ್ತು, ನಡೆಯುತ್ತಲೂ ಇತ್ತು. ಬಂದವರ ಸಂಖ್ಯೆಗಿಂತ ಬಂದ ವೇಗ ಆ ಪದ್ಧತಿಯನ್ನು ಮುರಿಯಿತು.

ವೇಗದ ಬೆಲೆಯನ್ನು ಕರ್ನಾಟಕ ತೆತ್ತದ್ದು ಇನ್ನೂ ಕ್ರೂರವಾಗಿ. 2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ಊರಿಂದೂರಿಗೆ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲೂ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಗುಂಪುಗಳು ನಿರಪರಾಧಿಗಳನ್ನು ಹೊಡೆದು ಕೊಂದವು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿ ಹಾಕಿತು. ಬಹಳ ಜನ ಮೊದಲಿಗರ ಉತ್ಸಾಹ ಪೂರ್ತಿ ಆರಿದ್ದು ಆಗ. ತಾವು ಕೊಂಡಾಡಿದ ಸಾಧನ ಇಂಥದ್ದಕ್ಕೂ ಒದಗುತ್ತದೆ ಎಂದು ಕಂಡ ಮೇಲೆ ಅದನ್ನು ಮೊದಲಿನಂತೆ ಹೊಗಳುವುದು ಕಷ್ಟ.

ಹೊಲ ಯಾರದು?

ಮೂರನೆಯ ನಷ್ಟವನ್ನು ಕುರಿತು ಮಾತು ಕಡಿಮೆ, ಆದರೆ ಮೂರರಲ್ಲಿ ದೊಡ್ಡದು ಅದೇ. ಜನ ಬಂದ ವರ್ಷಗಳಲ್ಲೇ ಇನ್ನೊಂದು ಬದಲಾವಣೆಯೂ ಆಯಿತು. ಮೊದಲು ಟ್ವಿಟರ್‌ನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ನೀವು ಆರಿಸಿಕೊಂಡವರ ಬರಹ, ಚಿತ್ರಗಳು ಅವರು ಹಾಕಿದ ಹೊತ್ತಿನ ಕ್ರಮದಲ್ಲೇ ಕಾಣುತ್ತಿದ್ದವು. 2016ರಲ್ಲಿ ಎರಡೂ ಆ ಕ್ರಮವನ್ನು ಕೈಬಿಟ್ಟವು. ಏನು ಮೊದಲು ಕಾಣಬೇಕು ಎಂಬುದನ್ನು ಯಂತ್ರವೇ ಲೆಕ್ಕಹಾಕತೊಡಗಿತು. ಫೇಸ್‌ಬುಕ್ ಅದಕ್ಕೂ ಮುಂಚಿನಿಂದಲೇ ಹಾಗೆ ಮಾಡುತ್ತಿತ್ತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ತೆರೆಯಿತು. ಅಲ್ಲಿ ನೀವು ಯಾರನ್ನು ಆರಿಸಿಕೊಂಡಿದ್ದೀರಿ ಎಂಬುದಕ್ಕೆ ಹೆಚ್ಚು ಬೆಲೆಯಿಲ್ಲ. ಎಷ್ಟು ಸೆಕೆಂಡು ಕಣ್ಣು ಕೀಳದೆ ನೋಡಿದಿರಿ ಎಂಬುದಕ್ಕೆ ಬೆಲೆ.

ಕೆನಡಾ ಮೂಲದ ಲೇಖಕ ಕೋರಿ ಡಾಕ್ಟರೊವ್ ಈ ಕಂಪನಿಗಳ ನಡೆಯನ್ನು ಮೂರು ಹಂತಗಳಲ್ಲಿ ವಿವರಿಸಿದ್ದಾರೆ. ಮೊದಲು ಬಳಕೆದಾರರಿಗೆ ಅನುಕೂಲ ಮಾಡಿಕೊಟ್ಟು ಸೆಳೆಯುತ್ತವೆ. ಅವರು ಬಿಟ್ಟುಹೋಗಲಾರರು ಎಂದಾದ ಮೇಲೆ ಜಾಹೀರಾತುದಾರರ ಕಡೆ ವಾಲುತ್ತವೆ. ಕೊನೆಗೆ ಇಬ್ಬರಿಂದಲೂ ಕಿತ್ತು ತಮ್ಮ ಜೇಬು ತುಂಬಿಕೊಳ್ಳುತ್ತವೆ. ಮೊದಲಿಗರು ಸವಿದದ್ದು ಆ ಮೊದಲ ಹಂತವನ್ನು. ಕೊನೆಗೆ ಬಂದವರಿಗೆ ಸಿಕ್ಕಿದ್ದು ಮೂರನೆಯದು. ಜನ ಬಂದದ್ದೂ ಕಂಪನಿಗಳ ನಡೆ ಬದಲಾದದ್ದೂ ಒಟ್ಟೊಟ್ಟಿಗೆ ಆದದ್ದರಿಂದ ಮೊದಲಿಗರಿಗೆ ಕಣ್ಣಿಗೆ ಬಿದ್ದದ್ದು ಜನ ಮಾತ್ರ. ಹಳ್ಳಿಯ ಹುಡುಗನ ಕುಣಿತದ ವಿಡಿಯೊ ನಿಮ್ಮ ಕಣ್ಣೆದುರು ಬಂದರೆ ಅದನ್ನು ತಂದು ನಿಲ್ಲಿಸಿದ್ದು ಆ ಹುಡುಗನಲ್ಲ. ನಿಮ್ಮ ಗೆಳೆಯನ ಪುಸ್ತಕದ ಮಾತು ಕಾಣದೆ ಹೋದರೆ ಅದನ್ನು ಮರೆಮಾಡಿದ್ದೂ ಅವನಲ್ಲ.

ಕೃಷಿಯ ಭಾಷೆಯಲ್ಲಿ ಹೇಳುವುದಾದರೆ ಮೊದಲಿಗರು ಬೇರೆಯವರ ಹೊಲದಲ್ಲಿ ಕಲ್ಲು ಆಯ್ದು, ಬಾವಿ ತೋಡಿ, ಹಸನು ಮಾಡಿದವರು. ಇದ್ದ ಕರಾರನ್ನು ಓದದೆಯೇ ‘ಒಪ್ಪಿದೆ’ ಒತ್ತಿದ್ದರು. ಜಾಲತಾಣಕ್ಕೆ ಕನ್ನಡದ ಹರಟೆ, ಕನ್ನಡದ ಗೆಳೆತನ, ಕನ್ನಡದ ಬರಹ ತುಂಬಿ ಬೆಲೆ ತಂದವರು ಅವರು. ಬೆಲೆ ಬಂದ ಮೇಲೆ ಯಜಮಾನ ಬೆಳೆಯ ಪದ್ಧತಿ ಬದಲಿಸಿದ.

ಹಗ್ಗ ಕಟ್ಟಿದ ರೈತರು

ಇದೇ ಪರಿಸ್ಥಿತಿಯನ್ನು ಗುಂಡ್ಲುಪೇಟೆಯ ರೈತರು ಎದುರಿಸಿದ ರೀತಿ ನೋಡುವಂತಿದೆ. ಮುಂಗಾರಿನಲ್ಲಿ ಈ ತಾಲ್ಲೂಕಿನ ಹೆದ್ದಾರಿಗಳ ಇಕ್ಕೆಲದಲ್ಲಿ ಚೆಂಡುಹೂವು, ಸೂರ್ಯಕಾಂತಿ ಅರಳುತ್ತವೆ. ಸೂರ್ಯಕಾಂತಿ ಎಣ್ಣೆಗೆ. ಚೆಂಡುಹೂವು ಹೆಚ್ಚಾಗಿ ಕಂಪನಿಗಳ ಜೊತೆಗಿನ ಒಪ್ಪಂದದ ಬೆಳೆ; ಅದರಿಂದ ತೆಗೆದ ಬಣ್ಣ ಕೋಳಿ ಆಹಾರಕ್ಕೆ ಸೇರಿ ಮೊಟ್ಟೆಯ ಭಂಡಾರಕ್ಕೆ ಹಳದಿ ಕೊಡುತ್ತದೆ. ಅಂದರೆ ಈ ಹೂವನ್ನು ಯಾರೂ ನೋಡಲೆಂದು ಬೆಳೆದದ್ದಲ್ಲ.

ಮೊದಲು ಕ್ಯಾಮೆರಾ ಹೊತ್ತ ಕೆಲವೇ ಹವ್ಯಾಸಿಗಳು ಇಲ್ಲಿ ನಿಲ್ಲುತ್ತಿದ್ದರು. ರೈತ ನಕ್ಕು ಸುಮ್ಮನಾಗುತ್ತಿದ್ದ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಚಿತ್ರ ಹರಡಿದ ಮೇಲೆ ವಯನಾಡಿನ ಕಡೆಯಿಂದ ಕಾರುಗಳ ಸಾಲು ಬರತೊಡಗಿತು. ಗಿಡ ಮುರಿಯಿತು, ಹೂವು ಉದುರಿತು. ಮೊದಲು ಬಂದಿದ್ದ ಹವ್ಯಾಸಿಗಳು ‘ಜಾಗ ಕೆಟ್ಟುಹೋಯಿತು’ ಎಂದು ಬೇರೆ ಕಡೆಗೆ ಹೊರಟರು. ರೈತನಿಗೆ ಹೊರಡಲು ಬೇರೆ ಜಾಗವಿಲ್ಲ. ಅವನು ಹೊಲದ ಅಂಚಿಗೆ ಹಗ್ಗ ಕಟ್ಟಿದ, ಒಳಬರಲು ತಲೆಗಿಷ್ಟು ಎಂದು ದರ ಇಟ್ಟ, ಯಾವ ಸಾಲಿನಲ್ಲಿ ಕಾಲಿಡಬಹುದು ಎಂದು ತೋರಿಸಿದ. ಹೂವಿಗೆ ಕಂಪನಿಯ ಬೆಲೆ, ನೋಟಕ್ಕೆ ತನ್ನ ಬೆಲೆ. ಓಣಂ ಹತ್ತಿರವಾದ ವಾರಗಳಲ್ಲಿ ಈ ಎರಡನೆಯ ಆದಾಯ ಕಡೆಗಣಿಸುವಂಥದ್ದಲ್ಲ.

ರೈತನಿಗೆ ಇದು ಸಾಧ್ಯವಾದದ್ದು ಹೊಲ ಅವನದಾದ್ದರಿಂದ. ಬಂದವರನ್ನು ಬೈಯುವ ಅಗತ್ಯವೇ ಅವನಿಗೆ ಬೀಳಲಿಲ್ಲ. ಎಷ್ಟು ಜನ, ಎಲ್ಲಿಯವರೆಗೆ, ಎಷ್ಟಕ್ಕೆ ಎಂಬುದನ್ನು ಅವನೇ ತೀರ್ಮಾನಿಸಿದ. ಸರ್ಕಾರವೂ ತನ್ನ ಹಿಡಿತವಿರುವ ಕಡೆ ಇದನ್ನೇ ಮಾಡುತ್ತಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಹತ್ತಿಸುವಂತಿಲ್ಲ, ಕೆಳಗಿನಿಂದ ಸಾರಿಗೆ ಬಸ್ಸಿನಲ್ಲೇ ಹೋಗಬೇಕು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಚಾರಣದ ದಾರಿಯಲ್ಲಿ ಜನ ಸಾಲುಗಟ್ಟಿದ ವಿಡಿಯೊ ಹರಿದಾಡಿದ ಮೇಲೆ ರಾಜ್ಯದ ಚಾರಣಪಥಗಳಿಗೆ ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಎಂಬ ಮಿತಿ ಬಂತು.

ಹಿಡಿತ ತಪ್ಪಿದ ಕಡೆ ಏನಾಗುತ್ತದೆಂಬುದಕ್ಕೂ ಉದಾಹರಣೆ ಪಕ್ಕದಲ್ಲೇ ಇದೆ. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದ ಬಂಡೀಪುರದಲ್ಲಿ, 2025ರ ಆಗಸ್ಟ್‌ನಲ್ಲಿ ಒಬ್ಬರು ರಸ್ತೆಗಿಳಿದು ಆನೆಯ ಚಿತ್ರ ತೆಗೆಯಲು ಹೋದರು. ಆನೆ ಅಟ್ಟಿಸಿಕೊಂಡು ಬಂದು ಕೆಡವಿ ತುಳಿಯಿತು. ಬದುಕಿ ಉಳಿದ ಅವರಿಗೆ ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆ ದೃಶ್ಯವನ್ನು ಇನ್ನೊಬ್ಬರು ಚಿತ್ರಿಸಿದ್ದರು, ದೇಶವೆಲ್ಲ ನೋಡಿತು.

ಅದೇ ಕಾಡು ಇನ್ನೊಂದು ಪಾಠವನ್ನೂ ಕೊಟ್ಟಿದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಬೆಂಕಿ ಆರಿಸಲು ಬನ್ನಿ ಎಂಬ ಕರೆ ಜಾಲತಾಣಗಳಲ್ಲೇ ಹರಡಿ ಸ್ವಯಂಸೇವಕರು ದೂರದಿಂದ ಬಂದರು. ಬಂಡೀಪುರಕ್ಕೆ ಸಂಬಂಧವೇ ಇಲ್ಲದ ಸುಟ್ಟ ಪ್ರಾಣಿಗಳ ಹಳೆಯ ಚಿತ್ರಗಳೂ ಅದೇ ಜಾಲತಾಣಗಳಲ್ಲಿ ಹರಡಿದವು. ನೆರವು, ಸುಳ್ಳು ಎರಡೂ ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ಬಂದವು. ಸಣ್ಣ ಬಳಗದ ಕಾಲದಲ್ಲಿ ಅಂಥ ಸುಳ್ಳು ಇಷ್ಟು ಹರಡುತ್ತಿರಲಿಲ್ಲ ಎಂಬುದು ನಿಜ. ಅಷ್ಟು ಜನ ನೆರವಿಗೆ ಬರುತ್ತಲೂ ಇರಲಿಲ್ಲ.

ಹೋದವರು ಎಲ್ಲಿಗೆ ಹೋದರು

ಬೇಸತ್ತವರು ಸುಮ್ಮನೆ ಕೂರಲಿಲ್ಲ. 2019ರ ನವೆಂಬರ್ ಹೊತ್ತಿಗೆ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆಯನ್ನು ತಡೆಹಿಡಿದಾಗ ಸಿಟ್ಟಾದ ಸಾವಿರಾರು ಮಂದಿ ಮಾಸ್ಟಡಾನ್ ಎಂಬ ಜಾಲತಾಣಕ್ಕೆ ಹೊರಟರು. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಇನ್ನೊಂದು ಅಲೆ ಎದ್ದಿತು. ಹೋದವರಲ್ಲಿ ಬಹಳ ಮಂದಿ ಹಿಂದಿರುಗಿದರು. ಅಲ್ಲಿ ಗದ್ದಲವಿರಲಿಲ್ಲ, ಮಾತಾಡಿಸುವವರೂ ಸಾಕಷ್ಟು ಇರಲಿಲ್ಲ.

ಬೆಂಗಳೂರಿನ ‘ಕೂ’ ಜಾಲತಾಣದ ಕಥೆ ಇದಕ್ಕಿಂತ ಹತ್ತಿರದ್ದು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿಡವಟ್ಕ 2020ರಲ್ಲಿ ಅದನ್ನು ಮೊದಲು ತಂದದ್ದೇ ಕನ್ನಡದಲ್ಲಿ. ಇಂಗ್ಲಿಷ್ ನೆರಳಿಲ್ಲದೆ ಕನ್ನಡದಲ್ಲೇ ಮಾತು ಶುರುವಾಗುವ ಜಾಗ ಎಂದು ಬಹಳ ಕನ್ನಡಿಗರು ಹುರುಪಿನಿಂದ ಸೇರಿದರು. 2024ರ ಜುಲೈನಲ್ಲಿ ಅದು ಮುಚ್ಚಿತು. ಜನ ಹೆಚ್ಚಾದರೆ ಮೊದಲಿಗರಿಗೆ ಬೇಸರ, ಜನ ಸಾಲದಿದ್ದರೆ ಹೂಡಿಕೆದಾರರಿಗೆ ಬೇಸರ. ಎರಡರಲ್ಲೂ ಬಳಕೆದಾರ ಬರೆದಿಟ್ಟದ್ದಕ್ಕೆ ರಕ್ಷಣೆಯಿಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಕದ ಹಾಕಿದ ಮೇಲೆ ಒಂದು ದಶಕದ ಕನ್ನಡದ ಹರಟೆ, ವಾದ, ಪ್ರೀತಿಯ ಮಾತುಗಳು ಕ್ರಮೇಣ ಅಳಿಸಿಹೋದವು. ಸಾಹಿತ್ಯ ಚರಿತ್ರೆಕಾರರಿಗೆ ಆ ಕಾಲದ ಕನ್ನಡ ಯುವಜನರ ಮಾತನ್ನು ತೋರಿಸಲು ಈಗ ಹೆಚ್ಚೇನೂ ಉಳಿದಿಲ್ಲ.

ಮಿಕ್ಕವರು ಹಿಡಿದದ್ದು ಸಣ್ಣ ವಾಟ್ಸ್‌ಆ್ಯಪ್ ಗುಂಪುಗಳ ದಾರಿ: ಹಾಸ್ಟೆಲಿನ ಹತ್ತು ಗೆಳೆಯರು, ಪುಸ್ತಕ ಓದುವ ಹದಿನೈದು ಮಂದಿ. ಆರ್ಕುಟ್‌ನ ಬೆಚ್ಚನೆಯ ಹರಟೆ ಮತ್ತೆ ಸಿಕ್ಕಿದೆ. ಆದರೆ ಹೊರಗಿನವರು ಆಕಸ್ಮಿಕವಾಗಿ ಓದಿ, ಬೆರಗಾಗಿ, ಸೇರಿಕೊಳ್ಳುವ ದಾರಿ ಮುಚ್ಚಿದೆ. ತೆರಕಣಾಂಬಿಯ ಹದಿನೇಳರ ಹುಡುಗಿಗೆ ಆ ಹದಿನೈದು ಮಂದಿಯ ಮಾತು ಎಂದೂ ಕೇಳಿಸದು. ಮೊದಲಿಗರು ಹಿಂದೆ ಸರಿದಾಗ ನಿಜವಾಗಿ ಬಡವಾಗುವವಳು ಅವಳು. ಅವಳ ಪಾಲಿಗೆ ಉಳಿಯುವುದು ಯಂತ್ರ ಆರಿಸಿಕೊಟ್ಟದ್ದು ಮಾತ್ರ.

ಮೂರು ನಷ್ಟಗಳಲ್ಲಿ ಮೊದಲನೆಯದಕ್ಕೆ ಮದ್ದಿಲ್ಲ. ಮೊದಲ ಬೆಳೆಯ ಬೆಲೆ ಮರಳುವುದಿಲ್ಲ. ಎರಡನೆಯದಕ್ಕೆ ಸಣ್ಣ ಗುಂಪು ಒಂದು ಮದ್ದು. ಮೂರನೆಯದಕ್ಕೆ ಮದ್ದು ಬೇಕಾದರೆ ಹೊಲ ಯಾರದೆಂದು ಕೇಳಿ ಕಾಲಿಡಬೇಕು. ಮೊದಲಿಗರು ಎರಡು ದಶಕದ ಹಿಂದೆಯೇ ಹಾಗೆ ಕಟ್ಟಿದ ಒಂದು ಜಾಗ ಇನ್ನೂ ನಿಂತಿದೆ: ಕನ್ನಡ ವಿಕಿಪೀಡಿಯ. ಅಲ್ಲಿ ಜಾಹೀರಾತಿಲ್ಲ, ಬರೆದದ್ದನ್ನು ಯಾರು ಬೇಕಾದರೂ ಉಳಿಸಿಕೊಳ್ಳಬಹುದು, ಒಬ್ಬ ಯಜಮಾನ ಬೆಳಗಾಗುವುದರಲ್ಲಿ ಕರಾರು ಬದಲಿಸುವಂತಿಲ್ಲ. ಅಲ್ಲಿ ಕೊರತೆ ಇರುವುದು ಕೈಗಳದ್ದು. ತೆರಕಣಾಂಬಿಯ ದೇವಸ್ಥಾನದ ಕಂಬಗಳ ಮುಂದೆ ರೀಲ್ಸ್ ಮಾಡುವ ಹುಡುಗರ ಫೋನಿನಲ್ಲಿ ಒಳ್ಳೆಯ ಚಿತ್ರಗಳಿವೆ. ಆಧಾರ ಹುಡುಕಿ ಒಂದು ಪುಟ ಬರೆಯುವುದು ಹೇಗೆಂದು ನಲವತ್ತು ದಾಟಿದ ಮೊದಲಿಗರಿಗೆ ಗೊತ್ತಿದೆ. ಇಬ್ಬರೂ ಒಬ್ಬರನ್ನೊಬ್ಬರು ಆಡಿಕೊಳ್ಳುವಷ್ಟು ಕಾಲವನ್ನು ಒಟ್ಟಿಗೆ ಕೂತು ಕೆಲಸಕ್ಕೆ ಕೊಟ್ಟರೆ, ಮುಂದಿನ ಕಂಪನಿ ಕದ ಹಾಕಿದ ಮೇಲೂ ಓದಲು ಸಿಗುವಂಥದ್ದು ಕನ್ನಡದಲ್ಲಿ ಇನ್ನಷ್ಟು ಉಳಿಯುತ್ತದೆ.